ಪ್ರೊಪೆಲ್ಲರ್ ತಿರುಗಿಸಿದ ಹುಡುಗ: ಜೇಮ್ಸ್ ಮೆಕಡನ್‌ನ ಯುದ್ಧದ ವರ್ಷಗಳು

(ದತ್ತಿ ಉಪನ್ಯಾಸದ ಬರಹರೂಪ)



ಯಂತ್ರದ ಜೊತೆ ಬದುಕು ಕಳೆದವರ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಆಶಯ. ಹಾಗಾಗಿ ನಾನು ಒಬ್ಬ ಯುದ್ಧವೈಮಾನಿಕನ ಹೆಸರು ಕೊಟ್ಟಾಗ ಸಂಚಾಲಕರಿಗೆ ಅನುಮಾನ ಬಂತು. ವಿಮಾನ ಹಾರಿಸುವವನು ಬೇರೆ, ಅದರ ಎಂಜಿನ್ ಬಿಚ್ಚಿ ಜೋಡಿಸುವವನು ಬೇರೆ ಅಲ್ಲವೆ ಸಾರ್ ಎಂದು ಕೇಳಿದರು. ಸಾಮಾನ್ಯವಾಗಿ ಹೌದು. ಜೇಮ್ಸ್ ಮೆಕಡನ್ ವಿಷಯದಲ್ಲಿ ಮಾತ್ರ ಆ ಇಬ್ಬರೂ ಒಬ್ಬನೇ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು, 57 ಶತ್ರುವಿಮಾನಗಳನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡವನು, ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಅಂದಿನ ಬ್ರಿಟನ್ನಿನ ಬೇರಾವ ವೈಮಾನಿಕನಿಗೂ ಸಿಗದಷ್ಟನ್ನು ಗಳಿಸಿದವನು. ಅವನ ಕತೆ ಶುರುವಾಗುವುದು ಮಾತ್ರ ಶೆಡ್ಡಿನಲ್ಲಿ. ನನ್ನ ವಾದ ಇಷ್ಟೆ: ಅವನು ಆ ಶೆಡ್ಡನ್ನು ಕೊನೆಯವರೆಗೂ ಬಿಡಲಿಲ್ಲ, ಅವನ ಗೆಲುವಿನ ಬೇರು ಅಲ್ಲೇ ಇದೆ.

ಹುಟ್ಟಿದ್ದು 1895ರ ಮಾರ್ಚ್ 28ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಗಿಲಿಂಗ್‌ಹ್ಯಾಮ್‌ನಲ್ಲಿ. ತಂದೆ ರಾಯಲ್ ಎಂಜಿನಿಯರ್ಸ್ ಪಡೆಯಲ್ಲಿ ಸಾರ್ಜೆಂಟ್ ಮೇಜರ್, ಐರಿಷ್ ಮೂಲದ ಕುಟುಂಬ. ಸಂಸಾರ ಶಿಯರ್‌ನೆಸ್ಸಿಗೆ ಬಂದಾಗ ಹತ್ತಿರದ ಈಸ್ಟ್‌ಚರ್ಚ್ ಬಯಲಿನಲ್ಲಿ ಬ್ರಿಟನ್ನಿನ ಮೊದಮೊದಲ ವಿಮಾನಗಳು ಹಾರಲು ಕಲಿಯುತ್ತಿದ್ದವು. ಅಣ್ಣತಮ್ಮಂದಿರು ಅದನ್ನು ನೋಡಲು ಹೋಗುತ್ತಿದ್ದರು. ಹದಿನೈದು ವರ್ಷಕ್ಕೆ ಹುಡುಗ ತಂದೆಯ ಪಡೆಗೇ ಕಹಳೆ ಊದುವವನಾಗಿ ಸೇರಿದ. 1913ರಲ್ಲಿ, ಹುಟ್ಟಿ ಒಂದು ವರ್ಷವಾಗಿದ್ದ ರಾಯಲ್ ಫ್ಲೈಯಿಂಗ್ ಕೋರ್‌ಗೆ ಎರಡನೆ ದರ್ಜೆಯ ಏರ್ ಮೆಕ್ಯಾನಿಕ್ ಆಗಿ ವರ್ಗವಾದ.

ಫಾರ್ನ್‌ಬರೋದಲ್ಲಿ ಕಾಲಿಟ್ಟ ಹೊಸತರಲ್ಲೇ ಅವನು ಮಾಡಿದ ಕೆಲಸ ಇದು. ನಿಂತಿದ್ದ ಕೋಡ್ರಾನ್ ವಿಮಾನದ ಪ್ರೊಪೆಲ್ಲರ್ ತಿರುಗಿಸಿ ಅಭ್ಯಾಸ ಮಾಡುತ್ತಿದ್ದಾಗ ಎಂಜಿನ್ ಹತ್ತಿಕೊಂಡಿತು. ಒಳಗೆ ಯಾರೂ ಇಲ್ಲ. ವಿಮಾನ ತಾನೇ ಹೊರಟು ಪಕ್ಕದಲ್ಲಿದ್ದ ಫಾರ್ಮನ್ ವಿಮಾನಕ್ಕೆ ಗುದ್ದಿತು. ಹುಡುಗನಿಗೆ ಕೆಲವು ದಿನ ಬಂಧನ, ಸಂಬಳದಲ್ಲಿ ಕಡಿತ. ಮುಂದೆ ಆ ಪಡೆಯ ಹೆಸರನ್ನು ಎತ್ತಿಹಿಡಿಯಲಿದ್ದವನು ಮೊದಲು ಉರುಳಿಸಿದ್ದು ತಮ್ಮದೇ ಪಡೆಯ ಎರಡು ವಿಮಾನಗಳನ್ನು. ಈ ಸಭೆಯಲ್ಲಿ ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಹಲವರಿದ್ದೀರಿ. ಸ್ವಿಚ್ ಆಫ್ ಆಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡುವ ಅಭ್ಯಾಸ ಮನುಷ್ಯನಿಗೆ ಹೇಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

1914ರ ಆಗಸ್ಟ್‌ನಲ್ಲಿ ಮೂರನೆ ಸ್ಕ್ವಾಡ್ರನ್ ಫ್ರಾನ್ಸಿಗೆ ಹೋಯಿತು. ಮೆಕಡನ್ ಮೆಕ್ಯಾನಿಕ್ ಆಗಿ ಜೊತೆಗೆ. ಮಾನ್ಸ್‌ನಿಂದ ಬ್ರಿಟಿಷ್ ಸೈನ್ಯ ಹಿಂದೆ ಸರಿಯುತ್ತಿದ್ದ ದಿನಗಳು ಅವು. ವಿಮಾನಗಳು ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಹಾರುತ್ತಿದ್ದವು, ಅವುಗಳ ಹಿಂದೆ ಲಾರಿಗಳಲ್ಲಿ ಮೆಕ್ಯಾನಿಕ್‌ಗಳು. ಮಳೆಯಲ್ಲಿ ನೆನೆದ ಬಟ್ಟೆಯ ರೆಕ್ಕೆ, ಕತ್ತಲಲ್ಲಿ ಬಿಚ್ಚಿದ ಎಂಜಿನ್. ಆ ಕಾಲದ ನೋಮ್ ಎಂಜಿನ್‌ಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರ ಸುತ್ತುತ್ತಿದ್ದವು. ಅವಕ್ಕೆ ಹೊಯ್ಯುತ್ತಿದ್ದುದು ಹರಳೆಣ್ಣೆ. ಪೆಟ್ರೋಲಿನಲ್ಲಿ ಕರಗದ ಎಣ್ಣೆ ಎಂಬುದು ಅದರ ಗುಣ. ಉರಿದು ಉಳಿದದ್ದು ಮಂಜಿನಂತೆ ಹಿಂದಕ್ಕೆ ಬಂದು ಪೈಲಟ್‌ನ ಮುಖಕ್ಕೆ ಹೊಡೆಯುತ್ತಿತ್ತು. ಬಾಲ್ಯದಲ್ಲಿ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದವರಿಗೆ ಆ ಪೈಲಟ್‌ಗಳ ಹೊಟ್ಟೆಯ ಪಾಡು ಊಹಿಸುವುದು ಕಷ್ಟವಲ್ಲ.

1915ರ ಹೊತ್ತಿಗೆ ಮೆಕಡನ್ ಸಾರ್ಜೆಂಟ್, ತನ್ನ ಫ್ಲೈಟಿನ, ಅಂದರೆ ಸ್ಕ್ವಾಡ್ರನ್ನಿನೊಳಗಿನ ತುಕಡಿಯ, ಎಲ್ಲ ಎಂಜಿನ್‌ಗಳ ಹೊಣೆ ಅವನದು. ಅದೇ ವರ್ಷ ಅಣ್ಣ ವಿಲಿಯಂ, ಅವನೂ ಪೈಲಟ್, ಇಂಗ್ಲೆಂಡಿನಲ್ಲಿ ವಿಮಾನ ಬಿದ್ದು ಸತ್ತ. ತಮ್ಮನ ಹಾರುವ ಆಸೆ ಕುಗ್ಗಲಿಲ್ಲ. ಆದರೆ ಒಳ್ಳೆಯ ಎಂಜಿನ್ ಸಾರ್ಜೆಂಟ್‌ನನ್ನು ಯಾವ ಸ್ಕ್ವಾಡ್ರನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಿಕ್ಕಿದ್ದು ಅಬ್ಸರ್ವರ್ ಆಗಿ ಹಾರುವ ಅವಕಾಶ, ಮೊರಾನ್ ವಿಮಾನದ ಹಿಂದಿನ ಸೀಟಿನಲ್ಲಿ, ಕೈಯಲ್ಲೊಂದು ಲೂಯಿಸ್ ಗನ್ ಹಿಡಿದು. ಆಗ ಜರ್ಮನರ ಫೋಕರ್ ಏಕರೆಕ್ಕೆ ವಿಮಾನದ ಕಾಲ. ಪ್ರೊಪೆಲ್ಲರಿನ ಸುತ್ತಿಗೆ ಹೊಂದಿಸಿ ಅದರ ನಡುವಿನಿಂದಲೇ ಗುಂಡು ಹಾರಿಸುವ ಉಪಾಯ ಕಂಡುಕೊಂಡಿದ್ದ ವಿಮಾನ ಅದು. ಆ ಚಳಿಗಾಲದಲ್ಲಿ ಮೆಕಡನ್ ಫೋಕರ್‌ಗಳಿಗೆ ಎದುರಾಗಿ ತನ್ನ ಪೈಲಟ್‌ನನ್ನು ಜೀವಂತ ಮನೆಗೆ ತಂದ. 1916ರ ಜನವರಿಯಲ್ಲಿ ಫ್ರೆಂಚರು ಕ್ರುವಾ ದ ಗೆರ್ ಪದಕ ಕೊಟ್ಟರು. ಆ ಮೇಲೆ ಪೈಲಟ್ ತರಬೇತಿ ಸಿಕ್ಕಿತು.

ಈ ಹಿಂದಿನ ಸೀಟಿನ ತಿಂಗಳುಗಳನ್ನು ಅವನ ಜೀವನ ಬರೆದವರು ಒಂದೆರಡು ಪುಟದಲ್ಲಿ ಮುಗಿಸುತ್ತಾರೆ. ಅದು ತಪ್ಪು. ಎರಡು ಸೀಟಿನ ವಿಮಾನದಲ್ಲಿ ಅಬ್ಸರ್ವರ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಅವನ ಗನ್ ಎಲ್ಲಿಯವರೆಗೆ ತಿರುಗುತ್ತದೆ, ಎಲ್ಲಿ ಗುಂಡು ಹಾರಿಸಿದರೆ ಅವನ ವಿಮಾನದ ಬಾಲವೇ ಹಾರಿಹೋಗುತ್ತದೆ: ಇದೆಲ್ಲ ಅವನು ಅಲ್ಲಿ ಕೂತು ಕಲಿತದ್ದು. ಎರಡು ವರ್ಷದ ನಂತರ ಜರ್ಮನ್ ಅಬ್ಸರ್ವರ್‌ಗಳ ಮೇಲೆ ಬಂದೆರಗಿದ್ದು ಈ ವಿದ್ಯೆ.

1916ರ ಆಗಸ್ಟ್‌ನಲ್ಲಿ 29ನೆ ಸ್ಕ್ವಾಡ್ರನ್. ವಿಮಾನ ಡಿಎಚ್2, ಎಂಜಿನ್ ಬೆನ್ನ ಹಿಂದೆ, ಮುಂದೆ ಬರಿಗಾಳಿ. ಚಳಿಗಾಲದಲ್ಲಿ ಅದರಲ್ಲಿ ಕೂರುವುದೇ ಒಂದು ಶಿಕ್ಷೆ. ಸೆಪ್ಟೆಂಬರ್ 6ರಂದು ಮೊದಲ ಗೆಲುವು, ಮಿಲಿಟರಿ ಮೆಡಲ್, 1917ರ ಜನವರಿ 1ರಂದು ಅಧಿಕಾರಿ ಪದವಿ, ಮುಂದಿನ ತಿಂಗಳು ಮಿಲಿಟರಿ ಕ್ರಾಸ್. ಆರು ತಿಂಗಳಲ್ಲಿ ಐದು ವಿಮಾನ. ಕೆಟ್ಟದ್ದಲ್ಲ, ಆದರೆ ಯಾರೂ ಬೆರಗಾಗುವಂಥದ್ದೂ ಅಲ್ಲ. ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಬಂದು ಹೊಸಬರಿಗೆ ಪಾಠ ಹೇಳತೊಡಗಿದ. ಅವನ ಶಿಷ್ಯರಲ್ಲಿ ಒಬ್ಬ ಎಡ್ವರ್ಡ್ ಮ್ಯಾನಕ್, ಮುಂದೆ ತಾನೂ ವಿಕ್ಟೋರಿಯಾ ಕ್ರಾಸ್ ಪಡೆದವನು.

ಜೂನ್ 13ರಂದು ಜರ್ಮನಿಯ ಗೋಥಾ ಬಾಂಬರುಗಳು ಹಾಡುಹಗಲೇ ಲಂಡನ್ ಮೇಲೆ ಬಂದವು. 162 ಮಂದಿ ಸತ್ತರು. ಅವರಲ್ಲಿ 18 ಮಂದಿ ಪಾಪ್ಲರ್ ಬಡಾವಣೆಯ ಒಂದೇ ಶಾಲೆಯ ಪುಟ್ಟ ಮಕ್ಕಳು. ಮೆಕಡನ್ ತನ್ನ ಸಣ್ಣ ಸಾಪ್‌ವಿತ್ ಪಪ್ ವಿಮಾನದಲ್ಲಿ ಬೆನ್ನು ಹತ್ತಿದ. ಅವುಗಳ ಎತ್ತರಕ್ಕೆ ಏರಿ ಹತ್ತಿರ ಹೋಗುವಷ್ಟರಲ್ಲಿ ಅವು ಸಮುದ್ರ ಸೇರಿದ್ದವು. ದೂರದಿಂದಲೇ ಗುಂಡು ಹಾರಿಸಿ ಬರಿಗೈಯಲ್ಲಿ ಮರಳಿದ. ಧೈರ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಎತ್ತರಕ್ಕೆ. ಇದು ಅವನ ತಲೆಯಲ್ಲಿ ಕೂತಿತು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದಿನ ಅವನ ಕೆಲಸವೆಲ್ಲ ಆ ಒಂದು ಕೊರತೆಯನ್ನು ನೀಗಿಸುವುದಕ್ಕೇ ನಡೆದಂತಿದೆ.

ಆಗಸ್ಟ್‌ನಲ್ಲಿ ಅವನು 56ನೆ ಸ್ಕ್ವಾಡ್ರನ್ನಿನ ಬಿ ಫ್ಲೈಟಿನ ನಾಯಕನಾಗಿ ಫ್ರಾನ್ಸಿನ ಎಸ್ತ್ರೇ ಬ್ಲಾಂಶ್‌ಗೆ ಬಂದ. ಅದು ಹೆಸರುವಾಸಿ ಸ್ಕ್ವಾಡ್ರನ್. ಬ್ರಿಟನ್ನಿನ ಪ್ರಸಿದ್ಧ ವೈಮಾನಿಕ ಆಲ್ಬರ್ಟ್ ಬಾಲ್ ಸತ್ತದ್ದು ಈ ಪಡೆಯಲ್ಲಿದ್ದಾಗಲೇ. ಕಮಾಂಡರ್ ಬ್ಲೂಮ್‌ಫೀಲ್ಡ್ ಸಂಗೀತದ ಹುಚ್ಚಿನವನು. ವಾದ್ಯ ನುಡಿಸಬಲ್ಲ ಮೆಕ್ಯಾನಿಕ್‌ಗಳನ್ನು ಬೇರೆ ಪಡೆಗಳಿಂದ ಹುಡುಕಿ ತಂದು ಒಂದು ವಾದ್ಯಗೋಷ್ಠಿಯನ್ನೇ ಕಟ್ಟಿದ್ದ. ಅಧಿಕಾರಿಗಳಲ್ಲಿ ಹೆಚ್ಚಿನವರು ದೊಡ್ಡ ಶಾಲೆಗಳಲ್ಲಿ ಓದಿದವರು. ಬಿ ಫ್ಲೈಟಿನಲ್ಲೇ ಇದ್ದ ಆರ್ಥರ್ ರೀಸ್ ಡೇವಿಡ್ಸ್ ಈಟನ್ನಿನ ಹುಡುಗ. ಪಾಳಿ ಸಾಹಿತ್ಯ ಓದಿದವರಿಗೆ ಈ ಮನೆತನದ ಹೆಸರು ಚಿರಪರಿಚಿತ. ಹೌದು, ಪಾಳಿ ಟೆಕ್ಸ್ಟ್ ಸೊಸೈಟಿ ಕಟ್ಟಿದ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ ಮತ್ತು ಕ್ಯಾರೊಲಿನ್ ದಂಪತಿಯ ಮಗ ಅವನು. ಬುದ್ಧವಚನ ಅನುವಾದವಾಗುತ್ತಿದ್ದ ಮನೆಯಿಂದ ಬಂದವನು ಮೆಷಿನ್ ಗನ್ ಹಿಡಿದು ಕೂತಿದ್ದ.

ಅಲ್ಲಿನ ವಿಮಾನ ಎಸ್ಇ5ಎ. ಹಿಸ್ಪಾನೋ ಸುಯಿಜಾ ಎಂಜಿನ್, ಪ್ರೊಪೆಲ್ಲರಿನ ನಡುವಿನಿಂದ ಹೊಡೆಯುವ ಒಂದು ವಿಕರ್ಸ್ ಗನ್, ಮೇಲಿನ ರೆಕ್ಕೆಯ ಮೇಲೆ ಒಂದು ಲೂಯಿಸ್. ಗಟ್ಟಿಮುಟ್ಟು, ವೇಗ ಚೆನ್ನಾಗಿತ್ತು, ಆದರೆ ಎಂಜಿನ್ನಿನ ಗೇರುಗಳು ಕೈಕೊಡುತ್ತಿದ್ದವು, ಗನ್‌ಗಳು ಕಚ್ಚಿಕೊಳ್ಳುತ್ತಿದ್ದವು. ಉಳಿದ ಪೈಲಟ್‌ಗಳು ಹಾರಾಟ ಮುಗಿಸಿ ಮೆಸ್‌ಗೆ ಹೋದರೆ ಮೆಕಡನ್ ಹ್ಯಾಂಗರಿಗೆ ಹೋಗುತ್ತಿದ್ದ. ಗನ್‌ಗಳ ಗುರಿ ತಾನೇ ಹೊಂದಿಸುತ್ತಿದ್ದ, ಬಾಲದ ಕೋನ ತಿದ್ದಿಸುತ್ತಿದ್ದ, ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಅವನ ಫ್ಲೈಟಿನ ಮೆಕ್ಯಾನಿಕ್‌ಗಳಿಗೆ ಇದು ಸುಖದ ಕೆಲಸವಾಗಿರಲಾರದು. ತಮ್ಮ ಕೆಲಸ ಗೊತ್ತಿರುವ ಸಾಹೇಬನಿಗೆ ಸಬೂಬು ಹೇಳಲಾಗುವುದಿಲ್ಲ.

ಸೆಪ್ಟೆಂಬರ್ 23ರ ಸಂಜೆಯ ಪ್ರಸಂಗವನ್ನು ವೈಮಾನಿಕ ಯುದ್ಧದ ಚರಿತ್ರೆ ಬರೆದವರು ಯಾರೂ ಬಿಟ್ಟಿಲ್ಲ. ಬೆಲ್ಜಿಯಂನ ಪೋಲ್‌ಕಪೆಲ್ ಮೇಲೆ ಮೆಕಡನ್‌ನ ಫ್ಲೈಟ್ ಒಂದು ಒಂಟಿ ಜರ್ಮನ್ ವಿಮಾನವನ್ನು ಕಂಡಿತು. ಮೂರು ರೆಕ್ಕೆಯ ಹೊಸ ಫೋಕರ್. ಒಳಗಿದ್ದವನು ವರ್ನರ್ ವಾಸ್, ವಯಸ್ಸು 20, ಆಗಲೇ 48 ಗೆಲುವು. ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಬ್ರಿಟಿಷರ ಇನ್ನೊಂದು ಫ್ಲೈಟಿನವರೂ ಬಂದು ಸೇರಿದರು. ಸುಮಾರು ಹತ್ತು ನಿಮಿಷ ಆ ಹುಡುಗ ಅಷ್ಟು ಜನರ ನಡುವೆ ಸುತ್ತಿ ಸುಳಿದು, ತನ್ನ ಮೇಲೆ ಬಿದ್ದ ಒಂದೊಂದು ವಿಮಾನಕ್ಕೂ ತೂತು ಮಾಡಿದ. ಅವನ ಫೋಕರ್ ಏರುವ ವೇಗಕ್ಕೆ, ನಿಂತಲ್ಲೇ ತಿರುಗುವ ಚಳಕಕ್ಕೆ ಎಸ್ಇ5ಎ ಸಾಟಿಯಲ್ಲ. ಕೊನೆಗೆ ಅವನನ್ನು ಕೆಡವಿದ್ದು ರೀಸ್ ಡೇವಿಡ್ಸ್. ಆ ರಾತ್ರಿ ಮೆಸ್‌ನಲ್ಲಿ ಎಲ್ಲರೂ ಅಭಿನಂದಿಸುವಾಗ ಅವನು, ಜೀವಂತವಾಗಿ ಇಳಿಸಲು ಆಗಿದ್ದರೆ ಎಂದು ಹಳಹಳಿಸಿದನಂತೆ. ಮೆಕಡನ್ ತನ್ನ ಪುಸ್ತಕದಲ್ಲಿ ವಾಸ್‌ನನ್ನು ತಾನು ಎದುರಿಸಿದ ಜರ್ಮನರಲ್ಲೇ ಅತಿ ಧೀರನೆಂದು ಮೆಚ್ಚಿದ್ದಾನೆ. ಒಂದು ತಿಂಗಳು ಕಳೆದ ನಾಲ್ಕೇ ದಿನಕ್ಕೆ, ಅಕ್ಟೋಬರ್ 27ರಂದು, ರೀಸ್ ಡೇವಿಡ್ಸ್ ಕೂಡ ಹೋದ.

ಮೆಚ್ಚುಗೆ ಸರಿ. ಆದರೆ ವಾಸ್‌ನ ದಾರಿ ಮೆಕಡನ್‌ನ ದಾರಿಯಲ್ಲ. ಹಾಗೆ ಕಾದಾಡಿ ಸಾಯುವುದು ಅವನ ಲೆಕ್ಕದಲ್ಲಿ ಕೆಟ್ಟ ಕೆಲಸ. ಅವನ ಕಣ್ಣು ಬೇರೆ ಕಡೆ ಇತ್ತು.

ಆ ಯುದ್ಧದಲ್ಲಿ ಸಾವಿರಾರು ಫಿರಂಗಿಗಳು ಕಾಣದ ಗುರಿಗೆ ಹೊಡೆಯುತ್ತಿದ್ದವು. ಗುರಿ ಎಲ್ಲಿದೆ ಎಂದು ಅವಕ್ಕೆ ಹೇಳುತ್ತಿದ್ದುದು ಮೇಲಿನಿಂದ ತೆಗೆದ ಫೋಟೋಗಳು. ಬ್ರಿಟಿಷರ ಕಂದಕಗಳ ಹಿಂದೆ ಹೊಸ ರೈಲು ಹಳಿ ಬಿದ್ದಿದೆಯೆ, ಎಲ್ಲಿ ಮದ್ದು ಗುಂಡು ಪೇರಿಸಿದ್ದಾರೆ, ಯಾವ ಹಳ್ಳಿಯಲ್ಲಿ ಸೈನಿಕರು ಹೆಚ್ಚಿದ್ದಾರೆ ಎಂದು ನೋಡಿ ಹೋಗಲು ಜರ್ಮನರ ಎರಡು ಸೀಟಿನ ರಂಪ್ಲರ್ ವಿಮಾನಗಳು ದಿನವೂ ಬರುತ್ತಿದ್ದವು. ಅವುಗಳ ರಕ್ಷೆ ಎತ್ತರ. 17,000 ಅಡಿಯಿಂದ 20,000 ಅಡಿಯವರೆಗೆ ಏರಿ, ನೆಟ್ಟಗೆ ಹಾರಿ, ಫೋಟೋ ತೆಗೆದು ಹೋಗುತ್ತಿದ್ದವು. ಎರಡು ಸೀಟಿನ ಒಂದು ರಂಪ್ಲರ್ ಮನೆ ಮುಟ್ಟಿದರೆ ನೂರಾರು ಸೈನಿಕರ ತಲೆಗೆ ಕುತ್ತು. ಮೂರು ರೆಕ್ಕೆಯ ಫೋಕರ್ ಮನೆ ಮುಟ್ಟಿದರೆ ಅದರ ಪೈಲಟ್ ರಾತ್ರಿ ಊಟ ಮಾಡುತ್ತಾನೆ, ಅಷ್ಟೆ. ಮೆಕಡನ್‌ಗೆ ಇದು ಬೇಗ ಹೊಳೆಯಿತು.

ಅಷ್ಟು ಎತ್ತರದಲ್ಲಿ ಗಾಳಿ ತೆಳು, ಎಂಜಿನ್ ಉಸಿರು ಕಟ್ಟಿದಂತಾಗುತ್ತದೆ. ಅವನು ಹೆಚ್ಚು ಒತ್ತಡ ಕೊಡುವ ಪಿಸ್ಟನ್‌ಗಳನ್ನು ತರಿಸಿ ತನ್ನ ಎಂಜಿನ್ನಿಗೆ ಹಾಕಿಸಿದ. ಇಂಥ ಪಿಸ್ಟನ್ ಹಾಕಿದ ಎಂಜಿನ್ನನ್ನು ಕೆಳಗಿನ ದಪ್ಪ ಗಾಳಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿದರೆ ಕಾದು ಕೆಟ್ಟುಹೋಗುತ್ತದೆ. ಅಂದರೆ ಎಡಗೈಯಲ್ಲಿ ಸದಾ ಲಗಾಮು ಇರಬೇಕು. ಮೆಕ್ಯಾನಿಕ್ ಅಲ್ಲದವನ ಕೈಗೆ ಕೊಡುವ ಎಂಜಿನ್ ಅದಲ್ಲ. ಫಲವೆಂದರೆ ಅವನ ವಿಮಾನ 20,000 ಅಡಿಗೆ ಏರುತ್ತಿತ್ತು, ಅಲ್ಲಿಯೂ ಕಾದಾಡುವ ಕಸುವು ಉಳಿಸಿಕೊಳ್ಳುತ್ತಿತ್ತು. ರಂಪ್ಲರ್‌ನಲ್ಲಿದ್ದವರು ತಮ್ಮ ಮಟ್ಟಕ್ಕೆ ಯಾವ ಎಸ್ಇ5ಎಯೂ ಬರುವುದಿಲ್ಲ ಎಂದು ನಂಬಿದ್ದರು. ಎಂಜಿನ್ ಒಗ್ಗಿತು, ದೇಹ ಒಗ್ಗಲಿಲ್ಲ. ತೆರೆದ ಕಾಕ್‌ಪಿಟ್, ಆಮ್ಲಜನಕವಿಲ್ಲ, ಪ್ಯಾರಾಶೂಟ್ ಇಲ್ಲ. ಒಂದೆರಡು ಗಂಟೆ ಅಲ್ಲಿ ಕಾದು ಕೆಳಗಿಳಿದರೆ ತಲೆ ಸಿಡಿಯುತ್ತಿತ್ತು, ಹೆಪ್ಪುಗಟ್ಟಿದ ಕೈಗಳಿಗೆ ರಕ್ತ ಮರಳುವಾಗಿನ ನೋವು ಬೇರೆ.

ಬೇಟೆಯ ರೀತಿ ಹೀಗೆ. ಒಂಟಿಯಾಗಿ ಏರುವುದು. ಶತ್ರುವಿಗೂ ಅವನ ಮನೆಗೂ ನಡುವೆ, ಸೂರ್ಯನ ಕಡೆ ನಿಂತು ಕಾಯುವುದು. ರಂಪ್ಲರ್ ಒಳಗೆ ಬಂದ ಮೇಲೆ ಅದರ ಬಾಲದ ಕೆಳಗೆ, ಹಿಂದಿನ ಗನ್ನಿಗೆ ಎಟುಕದ ಜಾಗಕ್ಕೆ ಸರಿಯುವುದು. ನೂರು ಗಜದೊಳಗೆ ಬಂದು ಚಿಕ್ಕದಾಗಿ ಒಮ್ಮೆ ಹೊಡೆಯುವುದು. ಗನ್ ಕಚ್ಚಿಕೊಂಡರೆ, ಎಂಜಿನ್ ಸದ್ದು ಬದಲಾದರೆ, ಅಬ್ಸರ್ವರ್ ಚುರುಕಾಗಿ ಗುಂಡು ಹಾರಿಸಿದರೆ ಬಿಟ್ಟು ಮನೆಗೆ ಹೋಗುವುದು. ನಾಳೆ ಇನ್ನೊಂದು ಬರುತ್ತದೆ. ಎದುರಾಳಿಗೆ ಗೊತ್ತಾಗದಂತೆ ಕೊಲ್ಲುವುದು ತನ್ನ ಮನಸ್ಸಿಗೆ ಹಿಡಿಸುತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಅವನು ಬರೆದಿದ್ದಾನೆ. ಹಿಡಿಸದಿದ್ದರೂ ಮಾಡಿದ. ಅವನನ್ನು ಮಹಾವೀರನೆಂದು ಹೊಗಳುವವರು ಈ ವಾಕ್ಯವನ್ನು ದಾಟಿ ಹೋಗುತ್ತಾರೆ. ನನಗೆ ಅವನು ಮನುಷ್ಯನಾಗಿ ಕಾಣುವುದು ಇಲ್ಲೇ.

1917ರ ಡಿಸೆಂಬರ್ 23ರಂದು ಒಂದೇ ದಿನ ಎರಡು ಸೀಟಿನ ನಾಲ್ಕು ವಿಮಾನ. ಐದು ದಿನ ಬಿಟ್ಟು ಸುಮಾರು ಇಪ್ಪತ್ತು ನಿಮಿಷದಲ್ಲಿ ಮೂರು. 1918ರ ಫೆಬ್ರವರಿ 16ರಂದು ಮತ್ತೆ ನಾಲ್ಕು, ಅದೂ ಒಂದೂವರೆ ಗಂಟೆಯಲ್ಲಿ. ತಾನು ಕೆಡವಿದ ಎಲ್‌ವಿಜಿ ವಿಮಾನದ ಮೂಗಿನ ಟೊಪ್ಪಿಯನ್ನು ತೆಗೆದು, ಕೆಂಪು ಬಳಿದು, ತನ್ನ ವಿಮಾನದ ಪ್ರೊಪೆಲ್ಲರಿಗೆ ತೊಡಿಸಿದ್ದ. ಅದರಿಂದ ವೇಗ ಒಂದಿಷ್ಟು ಹೆಚ್ಚಿತೆಂದು ಅವನ ನಂಬಿಕೆ. ಬೇರೆಯವರು ಸ್ಮಾರಕವಾಗಿ ಗೋಡೆಗೆ ತೂಗುಹಾಕುವುದನ್ನು ಇವನು ಬಿಡಿಭಾಗವಾಗಿ ಬಳಸಿದ.

ವಿಕ್ಟೋರಿಯಾ ಕ್ರಾಸ್ ಪ್ರಕಟಣೆ ಬಂದದ್ದು 1918ರ ಏಪ್ರಿಲ್ 2ರಂದು. ಅದರಲ್ಲಿ ಕೊಟ್ಟ ಲೆಕ್ಕ ಅಲ್ಲಿಯವರೆಗಿನ 54 ವಿಮಾನಗಳದು. 42 ಪೂರ್ತಿ ನಾಶವಾದವು, ಅವುಗಳಲ್ಲಿ 19 ಬ್ರಿಟಿಷರ ನೆಲದಲ್ಲೇ ಬಿದ್ದವು. ಈ 19 ನನಗೆ 57ಕ್ಕಿಂತ ದೊಡ್ಡ ಸಂಖ್ಯೆ. ಆ ಯುದ್ಧದ ವೈಮಾನಿಕ ಲೆಕ್ಕಗಳಲ್ಲಿ ಉತ್ಪ್ರೇಕ್ಷೆ ಬಹಳ. ಮೋಡದೊಳಗೆ ಸುತ್ತುತ್ತ ಇಳಿದ ವಿಮಾನ ಬಿತ್ತೋ, ನೆಟ್ಟಗಾಗಿ ಮನೆಗೆ ಹೋಯಿತೋ ಹೇಳುವವರಿಲ್ಲ. ನಮ್ಮ ಕಡೆಯ ಹೊಲದಲ್ಲಿ ಬಿದ್ದ ವಿಮಾನಕ್ಕೆ ಸುಳ್ಳು ಹೇಳಲು ಬಾರದು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿದೆ: ಕಾದಾಟಗಳಲ್ಲಿ ತನ್ನ ಫ್ಲೈಟಿನ ಹೊಸಬರನ್ನು ಕಾಯ್ದು, ಅವರ ಸಾವುನೋವು ಕಡಿಮೆಯಾಗುವಂತೆ ನೋಡಿಕೊಂಡ ಎಂದು.

ಹೆಸರಿನ ಮಾತು ಬಂದರೆ, ಜರ್ಮನಿಯಲ್ಲಿ ಇಂಥ ವೈಮಾನಿಕರ ಚಿತ್ರವಿರುವ ಪೋಸ್ಟ್ ಕಾರ್ಡ್‌ಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಬ್ರಿಟಿಷ್ ಸೇನೆ ಹೆಸರು ಹೊರಗೆ ಬಿಡುತ್ತಿರಲಿಲ್ಲ. 1918ರ ಜನವರಿಯಲ್ಲಿ ಡೈಲಿ ಮೇಲ್ ಪತ್ರಿಕೆ ಈ ಮೌನವನ್ನು ಟೀಕಿಸಿ ಮೆಕಡನ್ ಹೆಸರನ್ನು ಬಯಲಿಗೆ ತಂತು. ಅವನಿಗೆ ಅದು ಮುಜುಗರ.

ಮೆಕಡನ್‌ನ 56ನೆ ಸ್ಕ್ವಾಡ್ರನ್ನಿಗೇ 1917ರ ಅಕ್ಟೋಬರ್ 30ರಂದು ಬಂದು ಸೇರಿದವನು ಕಲ್ಕತ್ತೆಯ ಇಂದ್ರಲಾಲ್ ರಾಯ್, ಇನ್ನೂ 19 ತುಂಬದ ಹುಡುಗ. ಭಾರತೀಯ ಸೇನೆಯಲ್ಲಿ ಭಾರತೀಯನಿಗೆ ರಾಜನ ಕಮಿಷನ್ ಸಿಗುವುದು ಅಪರೂಪವಾಗಿದ್ದ ಕಾಲ. ಫ್ಲೈಯಿಂಗ್ ಕೋರ್ ಕೊಟ್ಟಿತು. ರಾಯ್ ಬ್ಯಾರಿಸ್ಟರನ ಮಗ, ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದವನು. ಮೆಕಡನ್‌ನಲ್ಲಿ ಬಣ್ಣವಿತ್ತು, ಶಾಲೆಯಿರಲಿಲ್ಲ. ರಾಯ್‌ನಲ್ಲಿ ಶಾಲೆಯಿತ್ತು, ಬಣ್ಣವಿರಲಿಲ್ಲ. ಆ ಮೆಸ್‌ನಲ್ಲಿ ಯಾರು ಹೆಚ್ಚು ಹೊರಗಿನವರೆಂದು ನಾನು ತೀರ್ಮಾನಿಸಲಾರೆ. ಡಿಸೆಂಬರ್ 6ರಂದು ರಾಯ್ ವಿಮಾನ ಅಪ್ಪಳಿಸಿ ಗಾಯಗೊಂಡು ಇಂಗ್ಲೆಂಡಿಗೆ ಹೋದ. ಮರಳಿದ್ದು 1918ರ ಜೂನ್‌ನಲ್ಲಿ, 40ನೆ ಸ್ಕ್ವಾಡ್ರನ್ನಿಗೆ. ಜುಲೈ 6ರಿಂದ 19ರೊಳಗೆ ಹತ್ತು ಗೆಲುವು.

ಇತ್ತ ಮೆಕಡನ್ ಮಾರ್ಚ್‌ನಲ್ಲಿ ಫ್ರಾನ್ಸ್ ಬಿಟ್ಟ. ಅದೇ ತಿಂಗಳ 18ರಂದು ತಮ್ಮ ಜಾನ್ ಫ್ರಾನ್ಸಿನಲ್ಲಿ ಹಾರುವಾಗ ಸತ್ತ. ಬೇಸಿಗೆಯಲ್ಲಿ 85ನೆ ಸ್ಕ್ವಾಡ್ರನ್ನಿಗೆ ಹೊಸ ಕಮಾಂಡರ್ ಬೇಕಾದಾಗ ಮೆಕಡನ್ ಹೆಸರು ಬಂತು. ಅಲ್ಲಿನ ಪೈಲಟ್‌ಗಳು ಬೇಡವೆಂದರು. ತಾನೊಬ್ಬನೇ ಬೇಟೆಯಾಡುತ್ತಾನೆ, ಬೇರೆಯವರಿಗೆ ಅವಕಾಶ ಕೊಡುವುದಿಲ್ಲ ಎಂಬುದು ಬಾಯಿಮಾತಿನ ಕಾರಣ. ಸಾರ್ಜೆಂಟ್ ಮೇಜರ್‌ನ ಮಗನ ಕೈಕೆಳಗೆ ಇರಲು ಮನಸ್ಸಿರಲಿಲ್ಲ ಎಂದೂ ಹೇಳುತ್ತಾರೆ. ಎರಡನೆಯದೇ ನಿಜವಾದ ಕಾರಣವೆಂದು ನನಗನ್ನಿಸುತ್ತದೆ. ಹೊಸಬರನ್ನು ಕಾಯ್ದ ನಾಯಕ ಎಂದು ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗಿ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ತಮಾಷೆಯೆಂದರೆ ಅವರು ಬದಲಿಗೆ ಒಪ್ಪಿದ ಮ್ಯಾನಕ್ ಕೂಡ ಸಾಮಾನ್ಯ ಸೈನಿಕನೊಬ್ಬನ ಮಗನೇ.

ಮೆಕಡನ್‌ಗೆ 60ನೆ ಸ್ಕ್ವಾಡ್ರನ್ ಸಿಕ್ಕಿತು. ಜುಲೈ 9ರಂದು ಹೊಸ ಎಸ್ಇ5ಎಯಲ್ಲಿ ಇಂಗ್ಲೆಂಡಿನಿಂದ ಹೊರಟ. ಹೋಗಬೇಕಾದದ್ದು ಬೋಫ್ಲ್ ಎಂಬ ಬಯಲಿಗೆ. ಮಬ್ಬಿನಲ್ಲಿ ದಾರಿ ತಪ್ಪಿ, ಅಲ್ಲಿಂದ ಕೆಲವೇ ಮೈಲಿ ದೂರದ ಓಕ್ಸಿ ಲ ಶಾತೋದಲ್ಲಿ ಇಳಿದು ದಾರಿ ಕೇಳಿದ. ಮತ್ತೆ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ನಿಂತು ವಿಮಾನ ಮರಗಳ ಮೇಲೆ ಬಿತ್ತು. ಆ ಸಂಜೆ ಪ್ರಜ್ಞೆ ಬಾರದೆ ತೀರಿಕೊಂಡ, 23 ವರ್ಷ. ಅಲ್ಲೇ ವಾವಾನ್ ಹಳ್ಳಿಯ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ವಿಮಾನಕ್ಕೆ ಸರಿಯಲ್ಲದ ಕಾರ್ಬ್ಯುರೇಟರ್ ಹಾಕಿದ್ದರು ಎಂಬ ವಾದ ಇದೆ. ನೆಲದ ಹತ್ತಿರವೇ ವಿಮಾನವನ್ನು ತೀರ ಓರೆಯಾಗಿ ತಿರುಗಿಸಿದ ಎಂಬ ವಾದವೂ ಇದೆ. ಒಂದು ಮಾತು ಮಾತ್ರ ಖಚಿತ: ಆ ಎಂಜಿನ್ ಅವನ ಹ್ಯಾಂಗರಿನಲ್ಲಿ, ಅವನ ಕಣ್ಣೆದುರಿಗೆ ಬೆಳೆದದ್ದಲ್ಲ.

ಹದಿಮೂರು ದಿನದ ಮೇಲೆ, ಜುಲೈ 22ರಂದು, ರಾಯ್ ಕಾರ್ವಿನ್ ಮೇಲೆ ಫೋಕರ್‌ಗಳ ಜೊತೆಗಿನ ಕಾದಾಟದಲ್ಲಿ ಬಿದ್ದ. ಮರಣಾನಂತರ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಕೊಟ್ಟರು, ಅದನ್ನು ಪಡೆದ ಮೊದಲ ಭಾರತೀಯ ಅವನು. ಜುಲೈ 26ರಂದು ಮ್ಯಾನಕ್ ಸತ್ತ. ಜುಲೈ 31ರಂದು ರಾಯ್‌ನ ಫ್ಲೈಟ್ ನಾಯಕನೂ ಮ್ಯಾನಕ್‌ನ ಶಿಷ್ಯನೂ ಆದ ಮೆಕೆಲ್‌ರಾಯ್.

ಮೆಕಡನ್ ಸಾಯುವ ಮೊದಲು ಒಂದು ಪುಸ್ತಕ ಬರೆದು ಮುಗಿಸಿದ್ದ. ದಿ ಏರೋಪ್ಲೇನ್ ಪತ್ರಿಕೆಯ ಸಂಪಾದಕ ಸಿ. ಜಿ. ಗ್ರೇ ನೆರವಾಗಿದ್ದ. ಅದೇ ವರ್ಷ ಅಚ್ಚಾಯಿತು, ಹೆಸರು ‘ಫೈವ್ ಇಯರ್ಸ್ ಇನ್ ದಿ ರಾಯಲ್ ಫ್ಲೈಯಿಂಗ್ ಕೋರ್’. ಆ ಐದು ವರ್ಷದಲ್ಲಿ ಅವನು ಪೈಲಟ್ ಆಗಿದ್ದುದು ಕಡೆಯ ಎರಡು ವರ್ಷ ಚಿಲ್ಲರೆ. ಮೊದಲ ಮೂರು ವರ್ಷ ಮೆಕ್ಯಾನಿಕ್, ಕಾರ್ಪೊರಲ್, ಎಂಜಿನ್ ಸಾರ್ಜೆಂಟ್, ಅಬ್ಸರ್ವರ್. ಪದಕ ಗಳಿಸಿದ ಕಾಲದಿಂದ ಕತೆ ಶುರುಮಾಡಬಹುದಿತ್ತು, ಪ್ರಕಾಶಕರಿಗೂ ಅದೇ ಲಾಭ. ಅವನು ಲೆಕ್ಕ ಹಿಡಿದದ್ದು 1913ರಿಂದ.